ಹಕ್ಕಿ ತೋರಿಸುವ ವ್ಯವಹಾರದಲ್ಲಿ ಕೂಗು ಮತ್ತು ಮೌನ

ಹಾರವಾಡದ ಹಿಂಬದಿಯ ಗುಡ್ಡಗಳಂತಹ ಕಾಡಂಚಿನಲ್ಲಿ ಬೆಳಗಿನ ಜಾವ ಕಾಡುಕೋಳಿ ಹುಂಜದ ಕೂಗು ಹೊಸದಲ್ಲ. ಒಂದು ಕಾಲಕ್ಕೆ ಅದು ಬೇಟೆಗಾರನ ಬಂಡವಾಳವಾಗಿತ್ತು. ಈಗ ಹೋಮ್‌ಸ್ಟೇ ನಡೆಸುವ ಸಣ್ಣ ಉದ್ಯಮಿಯ ಬಂಡವಾಳ. ಅತಿಥಿಗೆ ಛಾಯಾಚಿತ್ರ ಬೇಕು, ಅದೂ ಒಂದೇ ಬೆಳಗಿನಲ್ಲಿ. ಮೊಬೈಲಿನಲ್ಲಿ ಕೂಗು ನುಡಿಸಿ ಹುಂಜವನ್ನು ಹೊರಗೆಳೆಯುವ ಉಪಾಯ ಹುಟ್ಟಿದ್ದು ಇದರಿಂದಲೇ.

ಉಪಾಯ ಹಳೆಯದೇ. ಹಿಂದಿನವರು ಪಳಗಿದ ಹುಂಜವೊಂದನ್ನು ಕಾಡಂಚಿನಲ್ಲಿ ಕಟ್ಟಿ, ಸುತ್ತ ಕುಣಿಕೆ ಒಡ್ಡುತ್ತಿದ್ದರು. ತನ್ನ ನೆಲೆಯಲ್ಲಿ ಪರಕೀಯನ ಕೂಗು ಕೇಳಿದ ಕಾಡಿನ ಹುಂಜ ಕಾದಾಡಲು ಬಂದು ಸಿಕ್ಕಿಬೀಳುತ್ತಿತ್ತು. ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಗಾರರು ಹೇಟೆಯ ದನಿ ಅನುಕರಿಸುತ್ತಾರೆ. ಆದರೆ ಅಲ್ಲಿ ಹೇಟೆಯೇ ಹುಂಜವನ್ನು ಅರಸಿ ಹೋಗುವುದು ವಾಡಿಕೆಯಾದುದರಿಂದ, ಅತಿಯಾಗಿ ಕರೆದರೆ ಹುಂಜ ಬರದೆ ನಿಂತಲ್ಲಿಯೇ ಕಾಯುತ್ತದೆ. ಅದು ಓಗೊಟ್ಟು ಹೊರಟ ಮೇಲೆ ಸುಮ್ಮನಿರುವವನೇ ಅಲ್ಲಿ ನುರಿತವನು.

ನಮ್ಮ ಉದ್ಯಮಿಗಳು ಗಮನಿಸಬೇಕಾದ ಲೆಕ್ಕ ಬೇರೆ. ಕಾಡುಕೋಳಿ ಹೆಚ್ಚು ಕೂಗುವುದೂ, ಕೂಗಿಗೆ ಕೆರಳುವುದೂ ಸಂತಾನದ ಕಾಲದಲ್ಲಿ, ಮುಖ್ಯವಾಗಿ ಫೆಬ್ರವರಿಯಿಂದ ಮೇ ವರೆಗೆ. ಇಲ್ಲದ ಎದುರಾಳಿಯನ್ನು ಹುಡುಕುತ್ತ ಮೇವು ಬಿಡುವ ಹಾನಿಯೂ ಆಗಲೇ. ಮಳೆಗಾಲದಲ್ಲಿ ಅದು ಕತ್ತಿನ ಚುಕ್ಕಿಗರಿ ಉದುರಿಸಿ ಮಂಕಾಗಿರುತ್ತದೆ, ಕೂಗೂ ಕಡಿಮೆ. ಆಗ ಕರೆದು ಫಲವೇನು? ಅಂದರೆ ಮೊಬೈಲಿನ ಕೂಗು ಫಲಿಸುವ ಕಾಲದಲ್ಲಿ ಬಳಸಬಾರದು, ಬಳಸಬಹುದೆನಿಸುವ ಕಾಲದಲ್ಲಿ ಫಲಿಸದು. ಮೇಲಾಗಿ ಪದೇ ಪದೇ ಮೋಸಹೋದ ಹಕ್ಕಿ ಓಗೊಡುವುದನ್ನೇ ಬಿಡಬಹುದು. ಮುಂದಿನ ಅತಿಥಿಗೆ ತೋರಿಸುವುದೇನನ್ನು?

ಕಾನೂನನ್ನೂ ಮರೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ಯೆಂದರೆ ಕೊಲ್ಲುವುದಷ್ಟೇ ಅಲ್ಲ; ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನವೂ ಸೇರಿದೆ. ಅಭಯಾರಣ್ಯದೊಳಗೆ ಪ್ರಾಣಿಗಳನ್ನು ಕೆಣಕುವುದೂ ನಿಷಿದ್ಧ. ಜೋಯಿಡಾ, ದಾಂಡೇಲಿ ಕಡೆಗೆ ಅತಿಥಿಗಳನ್ನು ಒಯ್ಯುವವರಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದು ನೇರವಾಗಿ ತಟ್ಟುವ ಮಾತು.

ಹಾಗಾದರೆ ತೋರಿಸುವ ಬಗೆ? ಬೆಳಕು ಹರಿಯುವ ಮುನ್ನ ಅತಿಥಿಯನ್ನು ಹಳ್ಳದ ಬದಿಗೋ ಕಾಡಂಚಿನ ತೆರಪಿಗೋ ಕರೆದೊಯ್ದು ಕೂರಿಸಬೇಕು. ಬಿದಿರಕ್ಕಿ ಉದುರಿದ ವರ್ಷ ಮೆಳೆಯ ಬುಡದಲ್ಲಿ ಕೋಳಿಗಳು ಗುಂಪಾಗಿ ಸೇರುತ್ತವೆ. ಸುಳಿವು ತಿಳಿದ ಸ್ಥಳೀಯ ಮಾರ್ಗದರ್ಶಿಗೆ ಎರಡು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕರಪತ್ರದಲ್ಲಿ ‘ಹಕ್ಕಿ ಖಚಿತ’ ಎಂದು ಅಚ್ಚುಹಾಕಿಸುವ ಬದಲು ‘ಬೆಳಗಿನ ಕೂಗು ಕೇಳಿರಿ’ ಎಂದು ಹಾಕಿಸಿದರೆ, ದರ ವಾಪಸು ಕೇಳುವ ಜಗಳವೂ ತಪ್ಪೀತು.