ಮೂರು ನ್ಯೂಟ್ರಿನೊ, ಎರಡು ಸಾಲು

ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಜಾಡು 1965ರಲ್ಲಿ ಸಿಕ್ಕಿತು. ಅಂಥವೇ ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಬಗೆ ಬದಲಿಸುತ್ತವೆಂದು ಜಪಾನಿನ ಸೂಪರ್-ಕಮಿಯೊಕಾಂಡೆ ಪ್ರಯೋಗ 1998ರಲ್ಲಿ ತೋರಿಸಿತು. ಹಾಗಾಗಬೇಕಾದರೆ ಅವುಗಳ ದ್ರವ್ಯರಾಶಿಗಳು ಬೇರೆಬೇರೆ ಇರಬೇಕು. ಎಲ್ಲವೂ ಸೊನ್ನೆಯಾಗಿರಲು ಸಾಧ್ಯವಿಲ್ಲ.

ಆದರೆ ಇಂಥ ಪ್ರಯೋಗಗಳಿಂದ ತಿಳಿಯುವುದು ದ್ರವ್ಯರಾಶಿಗಳ ವರ್ಗಗಳ ನಡುವಿನ ಅಂತರವಷ್ಟೇ. ಮೂರು ದ್ರವ್ಯರಾಶಿಗಳಲ್ಲಿ ಎರಡು ಹತ್ತಿರ, ಒಂದು ದೂರ. ಒಂಟಿಯಾದದ್ದೇ ಭಾರದ್ದಾಗಿದ್ದರೆ ಅದು ಸಹಜ ಕ್ರಮ, ಹಗುರವಾಗಿದ್ದರೆ ವಿಲೋಮ ಕ್ರಮ. ಮೊದಲನೆಯದರಲ್ಲಿ ಮೂರರ ಮೊತ್ತ ಕನಿಷ್ಠ 0.06 ಎಲೆಕ್ಟ್ರಾನ್ ವೋಲ್ಟ್, ಎರಡನೆಯದರಲ್ಲಿ ಸುಮಾರು 0.10. ಇತ್ತ ವಿಶ್ವದ ಆದಿಬೆಳಕನ್ನು ಅಳೆದ ಪ್ಲಾಂಕ್ ತಂಡ, ಗೆಲಾಕ್ಸಿಗಳ ಹಂಚಿಕೆಯನ್ನೂ ಸೇರಿಸಿಕೊಂಡು, ಮೊತ್ತ 0.12ರ ಒಳಗಿರಬೇಕೆಂದು 2018ರಲ್ಲಿ ಹೇಳಿತು. ವಿಲೋಮ ಕ್ರಮಕ್ಕೆ ಉಳಿದ ಜಾಗ ಕಿರಿದು. ಹಾಗಾದರೆ ಅದು ಸೋತಿತೇ?

ಇಲ್ಲಿ ಬೇಯ್ಸ್ ವಿಧಾನ ಬೇಕಾಗುತ್ತದೆ. ಅಳತೆ ಕೈಗೆ ಬರುವ ಮುನ್ನ ಪ್ರತಿ ಸಾಧ್ಯತೆಗೂ ಇಷ್ಟೆಂದು ನಂಬಿಕೆ ಹಂಚಬೇಕು; ಬಂದ ಅಳತೆ ಯಾವುದಕ್ಕೆ ಹೆಚ್ಚು ಹೊಂದುತ್ತದೋ ಅದರ ಪಾಲು ಬೆಳೆಯುತ್ತದೆ. 2017ರಲ್ಲಿ ಫರ್ಗಸ್ ಸಿಂಪ್ಸನ್, ಲಿಸಿಯಾ ವೆರ್ಡೆ ಮತ್ತು ಸಂಗಡಿಗರು ಹೀಗೆ ಲೆಕ್ಕಹಾಕಿ, ಸಹಜ ಕ್ರಮದ ಪರವಾಗಿ 42ಕ್ಕೆ 1 ಎಂದರು. ಕೂಡಲೇ ಆಕ್ಷೇಪ ಬಂತು.

ಆಕ್ಷೇಪದ ತಿರುಳು ಇದು. ಆ ತಂಡ ಮೂರು ದ್ರವ್ಯರಾಶಿಗಳೂ ಲಾಗರಿದಮ್ ಅಳತೆಯಲ್ಲಿ ಚೆಲ್ಲಿಕೊಂಡಿರುತ್ತವೆಂದು ಮೊದಲೇ ಭಾವಿಸಿತ್ತು. ವಿಲೋಮ ಕ್ರಮದಲ್ಲಾದರೋ ಎರಡು ದ್ರವ್ಯರಾಶಿಗಳು 0.05ರ ಆಸುಪಾಸಿನಲ್ಲಿ, ಶೇಕಡ 2ಕ್ಕಿಂತ ಕಡಿಮೆ ವ್ಯತ್ಯಾಸದಲ್ಲಿ ಬಂದು ಕೂರಲೇಬೇಕು. ಹಾಗೆ ಚೆಲ್ಲಿದವು ಅಷ್ಟು ಹತ್ತಿರ ಬೀಳುವುದು ಅಪರೂಪ. ಆದ್ದರಿಂದ ವಿಲೋಮ ಕ್ರಮದ ಪಾಲು ತಾನಾಗಿಯೇ ಕುಗ್ಗಿತು. ಥಾಮಸ್ ಶ್ವೆಟ್ಸ್ ಮುಂತಾದವರು ಹೇಳಿದ್ದೂ ಇದನ್ನೇ: ಪುರಾವೆಯ ಬಲ ಬಂದದ್ದು ಅಳತೆಯಿಂದಲ್ಲ, ಆರಂಭದ ನಂಬಿಕೆಯಿಂದ. ನನಗೆ ಈ ಟೀಕೆ ಸರಿಯೆನಿಸುತ್ತದೆ. ಆದರೂ ಬೇಯ್ಸ್ ವಿಧಾನದ ದೊಡ್ಡ ಗುಣವೂ ಇಲ್ಲೇ ಇದೆ: ಆರಂಭದ ನಂಬಿಕೆಯನ್ನು ಬರೆದು ತೋರಿಸಿದ್ದರಿಂದಲೇ ಅದನ್ನು ಎತ್ತಿ ಪ್ರಶ್ನಿಸಲು ಸಾಧ್ಯವಾಯಿತು.

2025ರಲ್ಲಿ ಗೆಲಾಕ್ಸಿಗಳ ಹಂಚಿಕೆಯನ್ನು ಅಳೆಯುವ ಡೆಸಿ ಸಮೀಕ್ಷೆ ಮೊತ್ತದ ಮಿತಿಯನ್ನು 0.064ಕ್ಕೆ, ಅಂದರೆ ವಿಲೋಮ ಕ್ರಮದ ಕನಿಷ್ಠಕ್ಕಿಂತಲೂ ಕೆಳಗೆ, ಇಳಿಸಿತು. ಆದರೆ ಡಾರ್ಕ್ ಎನರ್ಜಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಂದು ಒಪ್ಪಿದರೆ ಅದೇ ಮಿತಿ ಸಡಿಲವಾಗುತ್ತದೆ. ಚೀನಾದ ಜೂನೊ ಪ್ರಯೋಗಕ್ಕೆ ಈ ತೊಡಕಿಲ್ಲ. ಸುಮಾರು 53 ಕಿಲೋಮೀಟರ್ ದೂರದ ಅಣುಸ್ಥಾವರಗಳಿಂದ ಬರುವ ಪ್ರತಿನ್ಯೂಟ್ರಿನೊಗಳನ್ನು 20,000 ಟನ್ ದ್ರವದಲ್ಲಿ ಹಿಡಿದು, ಅವುಗಳ ಶಕ್ತಿಯ ಹಂಚಿಕೆಯಲ್ಲಿನ ಸೂಕ್ಷ್ಮ ಏರಿಳಿತಗಳನ್ನು ಅದು ಓದುತ್ತದೆ. ಎರಡು ಕ್ರಮಗಳಲ್ಲಿ ಆ ಏರಿಳಿತಗಳ ಸ್ಥಾನವೇ ಬೇರೆ. 2025ರ ಆಗಸ್ಟ್‌ನಿಂದ ಎಣಿಕೆ ನಡೆದಿದೆ.