ವಿಕಲಚೇತನರಿಗೆ ಹೈನುಗಾರಿಕೆ ತರಬೇತಿ: ಮನೆಯಲ್ಲಿ, ಸಂಘದಲ್ಲಿ, ಡೇರಿಯಲ್ಲಿ



ಹತ್ತಿಮತ್ತೂರಿನಂಥ ಒಂದು ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಎರಡು ಎಮ್ಮೆ, ಒಂದು ಮಿಶ್ರತಳಿ ಆಕಳು. ಮನೆಯ ಕಿರಿಯ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ವಯಸ್ಸು 22. ಬೆಳಗಿನ 5 ಗಂಟೆಗೆ ಎದ್ದು ಸಗಣಿ ಬಾಚುವವನು, ಗೋದಲಿಗೆ ಕಣಿಕೆ ಹಾಕುವವನು, ನೀರು ಕುಡಿಸುವವನು, ಕರು ಬಿಡುವವನು ಅವನೇ. ಸಂಘದ ಪಾಸ್ ಪುಸ್ತಕ ತಂದೆಯ ಹೆಸರಿನಲ್ಲಿದೆ. ಬಟವಾಡೆ ಅಣ್ಣನ ಕೈಗೆ ಬರುತ್ತದೆ. ಬೀಗರು ಬಂದು 'ಈ ಹುಡುಗ ಏನು ಮಾಡುತ್ತಾನೆ?' ಎಂದು ಕೇಳಿದರೆ ಮನೆಯವರ ಉತ್ತರ 'ಏನೂ ಇಲ್ಲ, ಮನೆಯಲ್ಲೇ ಇರುತ್ತಾನೆ' ಎಂಬುದು.

ಇಂತಹ ಮನೆಯ ತಂದೆತಾಯಿಗಳ ಚಿಂತೆ ಒಂದೇ: 'ನಮ್ಮ ನಂತರ ಇವನ ಗತಿ ಏನು?' ಈ ಪ್ರಶ್ನೆಗೆ ಉತ್ತರ ಅವರ ಕೊಟ್ಟಿಗೆಯಲ್ಲಿಯೇ ಇದೆ. ಆದರೆ ದಿನವೂ ದುಡಿಸಿಕೊಳ್ಳುವುದು ಬೇರೆ, ಕಸುಬು ಕಲಿಸುವುದು ಬೇರೆ. ದುಡಿಮೆ ತರಬೇತಿ ಎನಿಸಿಕೊಳ್ಳಬೇಕಾದರೆ ನಾಲ್ಕು ಅಂಶಗಳು ಇರಬೇಕು: ಕಲಿಸುವವರು ಯಾರೆಂದು ಗೊತ್ತಿರಬೇಕು, ಎಷ್ಟು ತಿಂಗಳಲ್ಲಿ ಏನೇನು ಕಲಿಯಬೇಕೆಂಬ ಅವಧಿ ಇರಬೇಕು, ಕಲಿಯುವವರ ಕೈಗೆ ಹಣ ಬರಬೇಕು, ಕಲಿತದ್ದಕ್ಕೆ ದಾಖಲೆ ಇರಬೇಕು. ಈ ನಾಲ್ಕೂ ಇಲ್ಲದ ದುಡಿಮೆ, 20 ವರ್ಷ ನಡೆದರೂ, ತಂದೆತಾಯಿಗಳು ಕಣ್ಣು ಮುಚ್ಚಿದ ದಿನ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ನೆಲದ ಉದಾಹರಣೆ

ಇದು ಹೊಸ ವಿಚಾರವೇನೂ ಅಲ್ಲ. ನಮ್ಮ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಬ್ಬ ಅಂಧ ಬಾಲಕ ಹುಟ್ಟಿದ. ಆತನ ಕಂಠವನ್ನು ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಆತನೇ ಮುಂದೆ ಕರ್ನಾಟಕ ಹಾಗೂ ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ತಾವು ಕಲಿತದ್ದನ್ನು ಅವರು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ, ಅಂಧರೇ ಆದ ಪುಟ್ಟರಾಜ ಗವಾಯಿಗಳು ಆ ಕೆಲಸವನ್ನು 2010ರವರೆಗೆ ನಡೆಸಿದರು. ಅದೇ 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಕಲಿಸಿದ ರೀತಿಯನ್ನು. ಕಲಿಯುವವರಿಗೆ ಊಟ, ವಸತಿಯ ಚಿಂತೆ ಇರಲಿಲ್ಲ. ಅವಸರ ಇರಲಿಲ್ಲ, ವರ್ಷಗಟ್ಟಲೆ ಗುರುವಿನ ಹತ್ತಿರವೇ ಇದ್ದು ಕಲಿತರು. ಕಣ್ಣಿಲ್ಲದವರಿಗೆ ಕಿವಿಯಿಂದ, ಬೆರಳಿನಿಂದ ಹೇಗೆ ಕಲಿಸಬೇಕೆಂಬುದು ಗುರುವಿಗೇ ಸ್ವಂತ ಅನುಭವದಿಂದ ಗೊತ್ತಿತ್ತು. ಕಲಿತ ವಿದ್ಯೆ ಹೊಟ್ಟೆಗೆ ಅನ್ನ ಕೊಡುವಂತಹುದಾಗಿತ್ತು.

ಸಂಗೀತಕ್ಕೆ ಮಾತ್ರ ಇದು ಸಾಧ್ಯ ಎನ್ನುವಂತಿಲ್ಲ. ನಮ್ಮ ಕಸುಬಿಗೆ ಹತ್ತಿರದ ತೋಟಗಾರಿಕೆಯನ್ನೇ ನೋಡಿರಿ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಕಟ್ಟಿದ ಎಪಿಡಿ ಸಂಸ್ಥೆ ವಿಕಲಚೇತನರಿಗೆ ಸಸಿ ಬೆಳೆಸುವುದು, ತೋಟ ನೋಡಿಕೊಳ್ಳುವುದು ಮುಂತಾದ ಕೆಲಸಗಳಲ್ಲಿ ತರಬೇತಿ ಕೊಟ್ಟಿದೆ. ಗಿಡದ ಆರೈಕೆ ಕಲಿಯಬಲ್ಲವರು ಕರುವಿನ ಆರೈಕೆಯನ್ನೂ ಕಲಿಯಬಲ್ಲರು.

ಕೆಲಸವನ್ನು ಬಿಡಿಸಿ ನೋಡಿರಿ

'ಹೈನುಗಾರಿಕೆ' ಎಂದು ಒಟ್ಟಾಗಿ ಹೇಳಿದಾಗ ಅದು ಒಬ್ಬರ ಕೈಲಾಗದ ಕೆಲಸವೆಂದು ಕಾಣುತ್ತದೆ. ಬಿಡಿಸಿ ನೋಡಿದರೆ ಅದರಲ್ಲಿ ಹದಿನೈದಿಪ್ಪತ್ತು ಸಣ್ಣ ಕೆಲಸಗಳಿವೆ. ಯಾವ ಕೆಲಸಕ್ಕೆ ಕಣ್ಣು ಬೇಕು, ಯಾವುದಕ್ಕೆ ಕಿವಿ ಬೇಕು, ಯಾವುದಕ್ಕೆ ಕಾಲಿನ ಬಲ ಬೇಕು ಎಂದು ವಿಂಗಡಿಸುವುದೇ ತರಬೇತಿಯ ಮೊದಲ ಹೆಜ್ಜೆ.

1. ಕಿವಿ ಕೇಳಿಸದವರು: ಎಮ್ಮೆಗಳಲ್ಲಿ ಮೂಕ ಬೆದೆ ಹೆಚ್ಚು. ಒದರುವ ಸಪ್ಪಳಕ್ಕೆ ಕಾಯುತ್ತ ಕುಳಿತರೆ 21 ದಿನಗಳ ಒಂದು ಸುತ್ತು ಕಳೆದುಹೋಗುತ್ತದೆ. ಬೆದೆಯನ್ನು ಕಣ್ಣಿನಿಂದ ಹಿಡಿಯಬೇಕು: ಲೋಳೆ ಸೋರುವುದು, ಬಾಲ ಎತ್ತುವುದು, ಮೇಲಿಂದ ಮೇಲೆ ಮೂತ್ರ ಮಾಡುವುದು, ಹಾಲು ಇಳಿಯುವುದು. ಈ ಲಕ್ಷಣಗಳನ್ನು ಚಿತ್ರ ತೋರಿಸಿ, ಕೊಟ್ಟಿಗೆಯಲ್ಲಿ ಪ್ರತ್ಯಕ್ಷ ತೋರಿಸಿ ಕಲಿಸಿರಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಸಿರಿ. ಮೇಲೆ ಹೇಳಿದ ಹುಡುಗ ಇದೊಂದನ್ನು ಕಲಿತರೂ ಆ ಮನೆಯ ಎಮ್ಮೆಗಳು ಗೊಡ್ಡು ನಿಲ್ಲುವ ದಿನಗಳು ಕಡಿಮೆಯಾಗುತ್ತವೆ.

2. ಕಣ್ಣು ಕಾಣದವರು: ಕೈಯಿಂದ ಹಾಲು ಹಿಂಡುವುದಕ್ಕೆ ಬೇಕಾದದ್ದು ಬೆರಳಿನ ಹದ. ಹೆಬ್ಬೆರಳು ಮಡಚಿ ಹಿಂಡುವುದನ್ನು ಬಿಡಿಸಿ, ಪೂರ್ತಿ ಮುಷ್ಟಿಯಿಂದ ಹಿಂಡುವುದನ್ನು ಕಲಿಸಿರಿ. ರಾಸು ಹಾಲು ತೊರೆ ಬಿಟ್ಟ ಮೇಲೆ 5ರಿಂದ 7 ನಿಮಿಷಗಳಲ್ಲಿ ಹಿಂಡಿ ಮುಗಿಸಬೇಕು. ಕೆಚ್ಚಲಿನ ಒಂದು ಭಾಗ ಬಿಸಿಯಾದುದು, ಗಟ್ಟಿಯಾದುದು ಬೆರಳಿಗೆ ಬೇಗ ತಿಳಿಯುತ್ತದೆ; ಕೆಚ್ಚಲು ಬಾವಿನ ಮೊದಲ ಸುಳಿವು ಅದೇ. ಹಾಲಿನಲ್ಲಿ ಗರಣೆ ಇದೆಯೇ ಎಂದು ನೋಡುವ ಕೆಲಸ ಮಾತ್ರ ಇನ್ನೊಬ್ಬರದು. ಸಾಧು ರಾಸಿನ ಮೇಲೆಯೇ ಕಲಿಕೆ ಆರಂಭಿಸಿರಿ. ರಾಸುಗಳನ್ನು ಕಟ್ಟುವ ಸ್ಥಳ, ಬಕೆಟ್ ಇಡುವ ಸ್ಥಳ ದಿನವೂ ಒಂದೇ ಇರಲಿ. ಮನೆಯಿಂದ ಕೊಟ್ಟಿಗೆಯವರೆಗೆ ಒಂದು ಹಗ್ಗ ಕಟ್ಟಿದರೆ ದಾರಿಯ ತೊಂದರೆ ತಪ್ಪಿತು.

3. ಕಾಲಿನ ತೊಂದರೆ ಇರುವವರು: ಸಂಘದಲ್ಲಿ ಹಾಲು ಪರೀಕ್ಷೆ, ಲೆಕ್ಕ ಬರೆಯುವುದು, ಗಣಕಯಂತ್ರದಲ್ಲಿ ದಾಖಲಿಸುವುದು ಕುಳಿತು ಮಾಡುವ ಕೆಲಸಗಳು. ಅಡ್ಡಿಯಾಗುವುದು ಸಂಘದ ಮೆಟ್ಟಿಲು. ಇಳಿಜಾರು ದಾರಿ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಕಟ್ಟೆ ಒಂದೂವರೆ ಅಡಿ ಇದ್ದರೆ 18 ಅಡಿ. ಇದೇ ದಾರಿಯಲ್ಲಿ ಹಾಲಿನ ಕ್ಯಾನುಗಳನ್ನೂ ಸುಲಭವಾಗಿ ಸಾಗಿಸಬಹುದು.

4. ಬೌದ್ಧಿಕ ವಿಕಲತೆ ಇರುವವರು: ಒಂದು ಸಲಕ್ಕೆ ಒಂದೇ ಕೆಲಸ, ದಿನವೂ ಅದೇ ಕ್ರಮ, ಮಾತಿಗಿಂತ ಹೆಚ್ಚಾಗಿ ಮಾಡಿ ತೋರಿಸುವುದು. 'ಎರಡು ಕಿಲೋ ಹಿಂಡಿ ಹಾಕು' ಎಂಬ ಮಾತಿನ ಬದಲು ಡಬ್ಬಿಯ ಒಳಗೆ ಕೆಂಪು ಗೆರೆ ಎಳೆದು, ಗೆರೆಯವರೆಗೆ ತುಂಬುವುದನ್ನು ಕಲಿಸಿರಿ. ಪ್ರತಿ ರಾಸಿಗೆ ಬೇರೆ ಬಣ್ಣದ ಡಬ್ಬಿ, ಗೋದಲಿಯ ಮೇಲೂ ಅದೇ ಬಣ್ಣ. ಮೊದಲ ಕೆಲಸ ತಪ್ಪಿಲ್ಲದೆ ಬಂದ ಮೇಲೆ ಎರಡನೆಯದು. ದಿನಚರಿ ತಪ್ಪದೆ ನಡೆಯುವುದು ರಾಸುಗಳಿಗೂ ಹಿತ.

ಇದನ್ನು ಮರೆಯಬೇಡಿರಿ

ಕಲಿಸುವ ಉತ್ಸಾಹದಲ್ಲಿ ಅಪಾಯ ತಂದುಕೊಳ್ಳಬಾರದು.

ಮೇವು ಕತ್ತರಿಸುವ ಯಂತ್ರವನ್ನು ಕಲಿಯುವವರ ಕೈಗೆ ಒಂಟಿಯಾಗಿ ಕೊಡಕೂಡದು. ಬಾಯಿಗೆ ಮತ್ತು ಗಾಲಿಗೆ ರಕ್ಷಣಾ ಕವಚ ಇಲ್ಲದ ಯಂತ್ರವನ್ನು ಯಾರೂ ಬಳಸಕೂಡದು. ಕೈಕಾಲು ಗಟ್ಟಿ ಇದ್ದವರನ್ನೂ ಅದು ಅಂಗವಿಕಲರನ್ನಾಗಿ ಮಾಡಬಲ್ಲದು. ಕಿವಿ ಕೇಳಿಸದವರಿಗೆ ಯಂತ್ರ ಚಾಲೂ ಆದದ್ದು ತಿಳಿಯಲು ಕೆಂಪು ದೀಪ ಹಾಕಿಸಿರಿ.

ಜರ್ಬರ್ ಪರೀಕ್ಷೆಯಲ್ಲಿ ಪ್ರತಿ ಮಾದರಿಗೆ 10 ಮಿಲಿ ಪ್ರಬಲ ಗಂಧಕಾಮ್ಲ ಬಳಸುತ್ತಾರೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು, ಪಕ್ಕದಲ್ಲಿ ಬಕೆಟ್ ನೀರು ಇಲ್ಲದೆ ಕಲಿಸಬೇಡಿರಿ. ದೃಷ್ಟಿಯ ತೊಂದರೆ ಇದ್ದವರಿಗೆ ಆಮ್ಲದ ಕೆಲಸ ಬೇಡ.

ಕಂದು ಹಾಕಿದ ರಾಸಿನ ಮಾಸು, ಸತ್ತ ಕರುವನ್ನು ಬರಿಗೈಯಿಂದ ಮುಟ್ಟಿಸಬಾರದು. ಬ್ರುಸೆಲ್ಲಾ ರೋಗ ರಾಸಿನಿಂದ ಮನುಷ್ಯರಿಗೆ ಬರುತ್ತದೆ.

ಸಂಘದಲ್ಲಿ ತರಬೇತಿ

ಶಿಶಿಕ್ಷು ಕಾಯ್ದೆ, ಅಂದರೆ 1961ರ ಅಪ್ರೆಂಟಿಸ್ ಕಾಯ್ದೆಯ ಹೆಸರು ಕೇಳಿರಬಹುದು. 2019ರ ನಿಯಮ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇರುವಲ್ಲಿ ಇಚ್ಛೆಗೆ ಬಿಟ್ಟದ್ದು. ಹಳ್ಳಿಯ ಹಾಲು ಸಂಘದಲ್ಲಿ ಸಾಮಾನ್ಯವಾಗಿ ಇರುವವರು ಕಾರ್ಯದರ್ಶಿ, ಪರೀಕ್ಷಕ, ಸಹಾಯಕ ಇಷ್ಟೇ ಜನ. ಆದ್ದರಿಂದ ಕಾನೂನು ಬಂದು ಸಂಘದ ಬಾಗಿಲು ತಟ್ಟುವುದಿಲ್ಲ. ಸಂಘವೇ ಮನಸ್ಸು ಮಾಡಬೇಕು.

ಆಡಳಿತ ಮಂಡಳಿಯ ಒಂದು ಠರಾವು ಇದಕ್ಕೆ ಆರಂಭ. ಅದರಲ್ಲಿ ಈ ಅಂಶಗಳು ಇರಲಿ: ತರಬೇತಿ ಪಡೆಯುವವರ ಹೆಸರು, ಅವಧಿ, ಉದಾಹರಣೆಗೆ 6 ತಿಂಗಳು, ಕಲಿಸುವ ಜವಾಬ್ದಾರಿ ಯಾರದು, ತಿಂಗಳ ಭತ್ಯೆ ಎಷ್ಟು, ಅದು ಅವರ ಸ್ವಂತ ಬ್ಯಾಂಕ್ ಖಾತೆಗೆ, ಯಾವ ತಿಂಗಳು ಯಾವ ಕೆಲಸ. ಮೊದಲ ತಿಂಗಳು ಮಾದರಿ ಬಾಟಲಿಗಳನ್ನು ಕ್ರಮವಾಗಿ ಜೋಡಿಸುವುದು, ತೊಳೆಯುವುದು. ಎರಡನೆಯ ತಿಂಗಳು ಲ್ಯಾಕ್ಟೋಮೀಟರ್. ಮೂರನೆಯ ಮತ್ತು ನಾಲ್ಕನೆಯ ತಿಂಗಳು ಜಿಡ್ಡಿನ ಪರೀಕ್ಷೆ, ಯಂತ್ರದ ಪರೀಕ್ಷೆ. ಕೊನೆಯ ಎರಡು ತಿಂಗಳು ಲೆಕ್ಕ. ಅವಧಿ ಮುಗಿದ ಮೇಲೆ ಏನೇನು ಬರುತ್ತದೆ ಎಂದು ಬರೆದು ಅಧ್ಯಕ್ಷರು ಸಹಿ ಮಾಡಿದ ಪತ್ರ ಕೊಡಿರಿ. ಅದು ಸರ್ಕಾರದ ಪ್ರಮಾಣಪತ್ರ ಆಗದಿದ್ದರೂ, ಮುಂದೆ ಎಲ್ಲಿಯೇ ಕೆಲಸ ಕೇಳಿದರೂ ತೋರಿಸಲು ಅವರ ಕೈಯಲ್ಲಿ ಒಂದು ಕಾಗದವಿರುತ್ತದೆ. ಒಂದು ಮಾತು ಸ್ಪಷ್ಟವಿರಲಿ: ಭತ್ಯೆ ಇಲ್ಲದೆ ವರ್ಷಗಟ್ಟಲೆ 'ಕಲಿಯುತ್ತಿದ್ದಾನೆ' ಎಂದು ದುಡಿಸಿಕೊಳ್ಳುವುದು ತರಬೇತಿ ಅಲ್ಲ.

ಡೇರಿ ಮತ್ತು ಕಾರ್ಖಾನೆಗಳಲ್ಲಿ

ಹಾಲು ಸಂಸ್ಕರಣಾ ಡೇರಿ, ಪಶು ಆಹಾರ ಘಟಕಗಳಂಥ ದೊಡ್ಡ ಸಂಸ್ಥೆಗಳಿಗೆ ಶಿಶಿಕ್ಷು ಕಾಯ್ದೆ ಅನ್ವಯಿಸುತ್ತದೆ. ಫಿಟ್ಟರ್, ಎಲೆಕ್ಟ್ರೀಷಿಯನ್ ಮುಂತಾದ ವೃತ್ತಿಗಳಲ್ಲಿ ಐಟಿಐ ಮುಗಿಸಿದವರೂ, ಕೆಲವು ವೃತ್ತಿಗಳಲ್ಲಿ ಶಾಲೆ ಮುಗಿಸಿದವರೂ ಅರ್ಜಿ ಹಾಕಬಹುದು. ಕನಿಷ್ಠ ವಯಸ್ಸು 14, ಅಪಾಯಕಾರಿ ಕೆಲಸಗಳಿಗೆ 18. ವಿದ್ಯಾರ್ಹತೆಗೆ ತಕ್ಕಂತೆ ತಿಂಗಳ ಕನಿಷ್ಠ ಭತ್ಯೆಯನ್ನು 2019ರಲ್ಲಿ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಸಹಿ ಹಾಕುವ ದಿನ ಜಾರಿಯಲ್ಲಿರುವ ದರವನ್ನು ಒಪ್ಪಂದದಲ್ಲಿ ನೋಡಿಯೇ ಸಹಿ ಹಾಕಿರಿ. ಅಪ್ರಾಪ್ತ ವಯಸ್ಕರಾದರೆ ಪಾಲಕರ ಸಹಿ ಬೇಕು. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಯದು. ತರಬೇತಿ ಮುಗಿದ ಕೂಡಲೇ ನೌಕರಿ ಖಚಿತ ಎಂದು ಕಾಯ್ದೆ ಹೇಳುವುದಿಲ್ಲ. ಆದರೆ ಪರೀಕ್ಷೆ ಪಾಸಾದವರಿಗೆ ಸಿಗುವ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ದೇಶದಲ್ಲೆಲ್ಲ ಬೆಲೆ ಇದೆ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 19 ಏಪ್ರಿಲ್ 2017ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವಿಕಲತೆಗಳಿದ್ದವು, ಈಗ 21. ಎಲ್ಲರಿಗಾಗಿ ಇರುವ ವೃತ್ತಿ ತರಬೇತಿ ಯೋಜನೆಗಳಲ್ಲಿ ವಿಕಲಚೇತನರನ್ನೂ ಸೇರಿಸಿಕೊಳ್ಳಬೇಕೆಂದು ಈ ಕಾಯ್ದೆ ಹೇಳುತ್ತದೆ. ಬಡತನ ನಿವಾರಣಾ ಯೋಜನೆಗಳಲ್ಲಿ ಶೇ. 40 ಮತ್ತು ಹೆಚ್ಚಿನ ವಿಕಲತೆ ಇರುವವರಿಗೆ ಶೇ. 5 ಮೀಸಲು, ಅದರಲ್ಲಿ ಮಹಿಳೆಯರಿಗೆ ಆದ್ಯತೆ. ಆದ್ದರಿಂದ 'ಇದು ನಿಮ್ಮಂಥವರಿಗೆ ಅಲ್ಲ' ಎಂಬ ಮಾತನ್ನು ಯಾವ ತರಬೇತಿ ಕೇಂದ್ರದಲ್ಲಿಯೂ ಒಪ್ಪಿಕೊಳ್ಳಬೇಕಾಗಿಲ್ಲ.

ಮೊದಲು ಮಾಡಬೇಕಾದ ಕೆಲಸ

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇಲ್ಲದೆ ಯಾವ ಸೌಲಭ್ಯವೂ ಮುಂದೆ ಸಾಗುವುದಿಲ್ಲ. ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ವಿಕಲತೆಯ ಪ್ರಮಾಣ ನಿಗದಿ ಮಾಡುತ್ತಾರೆ. ಈ ಕೆಲಸಕ್ಕೆ ದೂರ ಅಲೆಯಬೇಕಾಗಿಲ್ಲ. ನಿಮ್ಮ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನಗಳ ವಿವರವನ್ನೂ ಅವರಲ್ಲಿಯೇ ಕೇಳಿರಿ.

ಹೆಸರು ಯಾರದು?

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕಲಿತವರ ಹೆಸರಿನಲ್ಲಿ ಒಂದು ರಾಸಾದರೂ ಇರಲಿ. 18 ವರ್ಷ ತುಂಬಿದವರಾದರೆ ಉಪನಿಯಮದಂತೆ ಷೇರು ತೆಗೆದುಕೊಂಡು ಸಂಘದ ಸದಸ್ಯರಾಗಲು ಕಣ್ಣು ಕಾಣದಿರುವುದು, ಕಿವಿ ಕೇಳಿಸದಿರುವುದು, ಕಾಲು ಇಲ್ಲದಿರುವುದು ಅಡ್ಡಿಯಲ್ಲ. ಹಾಲು ಅವರ ಹೆಸರಿನಲ್ಲಿ ಹಾಕಿಸಿರಿ; ಬಟವಾಡೆ, ಪ್ರೋತ್ಸಾಹಧನ ಅವರ ಖಾತೆಗೆ ಬರಲಿ. ಬೌದ್ಧಿಕ ವಿಕಲತೆ ಇದ್ದು ವ್ಯವಹಾರ ನಡೆಸಲಾಗದವರಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ತಂದೆತಾಯಿಗಳು ಬದುಕಿರುವಾಗಲೇ ಅದನ್ನು ಮಾಡಿಸಿಡುವುದು ಒಳ್ಳೆಯದು.

ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು ಬರುವ ಸಭೆಯ ವಿಷಯಪಟ್ಟಿಯಲ್ಲಿ ಈ ಎರಡು ಪ್ರಶ್ನೆಗಳನ್ನು ಸೇರಿಸಬೇಕೆಂದು ಕೋರುತ್ತೇನೆ: ನಮ್ಮ ಸದಸ್ಯರ ಮನೆಗಳಲ್ಲಿ ದುಡಿಯುತ್ತಿರುವ ವಿಕಲಚೇತನರು ಎಷ್ಟು ಜನ? ಅವರಲ್ಲಿ ಸ್ವಂತ ಪಾಸ್ ಪುಸ್ತಕ ಇರುವವರು ಎಷ್ಟು ಜನ? ಎರಡು ಸಂಖ್ಯೆಗಳ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಕೆಲಸ ನಮ್ಮ ಮುಂದಿದೆ. ರಾಸುಗಳ ಪಾಲನೆಯ ಬಗ್ಗೆ ಕಲಿಸುವುದಕ್ಕೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗಳನ್ನು ಕರೆಯಿರಿ. ಭೇಟಿಯ ದಿನ ಕಲಿಯುವವರು ಕೊಟ್ಟಿಗೆಯಲ್ಲಿಯೇ ಇರಲಿ.