ಜೇಡದ ವಿಷ, ನರದ ಗೇಟು ಮತ್ತು ನಮ್ಮ ನೋವು

ಹೈದರಾಬಾದಿಂದ ಊರಿಗೆ ಕಾರಲ್ಲಿ ಹೊರಟರೆ ಕರ್ನೂಲು ದಾಟಿದ ಮೇಲೆ, ಅನಂತಪುರಕ್ಕೆ ಮುಂಚೆ ಗುತ್ತಿ ಸಿಗುತ್ತೆ. ಗಾಢ ನೀಲಿ ಬಣ್ಣದ ‘ಗುತ್ತಿ ಟರಾಂಟುಲಾ’ ಜೇಡ ಮೊದಲು ಸಿಕ್ಕಿದ್ದು ಅಲ್ಲಿನ ರೈಲ್ವೆ ಮರದ ಡಿಪೋದಲ್ಲಿ. ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದರು. ಈ ಕುಲದ ಜೇಡಗಳು ಕಚ್ಚಿದರೆ ನೋವು, ಸ್ನಾಯು ಸೆಳೆತ ಕೆಲವೊಮ್ಮೆ ದಿನಗಟ್ಟಲೆ ಕಾಡುತ್ತೆ. ಜೇಡದ ವಿಷ ನೋವು ಕೊಡೋದು ಹೇಗೆ? ವಿಷದಿಂದಲೇ ನೋವು ನಿಲ್ಲಿಸೋಕೂ ಆಗುತ್ತಾ? ಇವತ್ತು ಅದನ್ನೇ ಹೇಳ್ತೀನಿ.

ನಮ್ಮ ನರದ ಉದ್ದಕ್ಕೂ ಸೋಡಿಯಂ ಚಾನೆಲ್ ಅನ್ನೋ ಪುಟ್ಟ ಗೇಟುಗಳಿವೆ. ಕಾಲಿಗೆ ಮುಳ್ಳು ಚುಚ್ಚಿದಾಗ ಒಂದು ಗೇಟು ತೆರೆದು, ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತೆ. ಒಂದೆರಡು ಮಿಲಿಸೆಕೆಂಡಲ್ಲಿ ಅದು ಮುಚ್ಚಿಕೊಳ್ಳುತ್ತೆ, ಅಷ್ಟರಲ್ಲಿ ಪಕ್ಕದ್ದು ತೆರೆದಿರುತ್ತೆ. ಹೀಗೆ ಸುದ್ದಿ ಮಿದುಳು ಮುಟ್ಟುತ್ತೆ.

ನಿಮ್ಮ ಅಪಾರ್ಟ್‌ಮೆಂಟ್ ಗೇಟನ್ನೇ ನೆನೆಸಿಕೊಳ್ಳಿ. ಹಲ್ಲಿನ ಡಾಕ್ಟರು ಚುಚ್ಚೋ ಲಿಗ್ನೊಕೇನ್ ದಾರಿಗೇ ಅಡ್ಡ ಕೂರುತ್ತೆ. ಟರಾಂಟುಲಾ ವಿಷದ ಅನೇಕ ಅಣುಗಳು ಹಾಗಲ್ಲ, ವಾಚ್‌ಮನ್ ಕೈಯನ್ನೇ ಹಿಡಿದುಬಿಡುತ್ತವೆ. ಅಂದರೆ ವೋಲ್ಟೇಜ್ ನೋಡಿ ಗೇಟು ಆಡಿಸೋ ಭಾಗವನ್ನ. ಪೆರು ದೇಶದ ಟರಾಂಟುಲಾದ ‘ಪ್ರೋಟಾಕ್ಸಿನ್-2’ ಬರೀ 30 ಅಮೈನೋ ಆಮ್ಲಗಳ ತುಣುಕು, ಆದರೆ ಗೇಟು ತೆರೆಯೋಕೇ ಬಿಡಲ್ಲ. ಪಶ್ಚಿಮ ಆಫ್ರಿಕಾದ ಟರಾಂಟುಲಾದ ‘ಎಚ್‌ಎಂ1ಎ’ ತೆರೆದ ಗೇಟನ್ನ ಸರಿಯಾಗಿ ಮುಚ್ಚೋಕೆ ಬಿಡಲ್ಲ. ನರ ಕೂಗ್ತಾನೇ ಇರುತ್ತೆ. ಇದನ್ನೇ ಬಳಸಿ ಡೇವಿಡ್ ಜೂಲಿಯಸ್ ತಂಡ 2016ರಲ್ಲಿ, ಒತ್ತಿದಾಗ ಚುಚ್ಚಿದಾಗ ಆಗೋ ನೋವಲ್ಲಿ 1.1 ನಂಬರಿನ ಗೇಟಿಗೂ ಪಾತ್ರ ಇದೆ ಅಂತ ತೋರಿಸಿತು.

ನಂಬರು ಯಾಕೆ ಅಂದ್ರೆ, ಈ ಗೇಟುಗಳಲ್ಲಿ ಒಂಬತ್ತು ಬಗೆ. 1.5 ಹೃದಯದ್ದು, 1.4 ಸ್ನಾಯುವಿನದು, 1.7 ನೋವಿನ ನರಗಳಲ್ಲಿ ಮುಖ್ಯವಾದದ್ದು. ಪಾಕಿಸ್ತಾನದ ಮೂರು ಕುಟುಂಬಗಳಲ್ಲಿ 1.7 ಕೆಲಸವೇ ಮಾಡದ ಮಕ್ಕಳ ಬಗ್ಗೆ 2006ರಲ್ಲಿ ವರದಿ ಬಂತು. ಅವರಿಗೆ ಸ್ಪರ್ಶ, ಬಿಸಿ, ತಂಪು ಎಲ್ಲ ತಿಳೀತಿತ್ತು, ನೋವು ಮಾತ್ರ ಇಲ್ಲ. ಅದನ್ನ ವರ ಅಂದ್ಕೋಬೇಡಿ. ತುಟಿ, ನಾಲಿಗೆ ಕಚ್ಚಿಕೊಂಡ ಗಾಯ, ಗೊತ್ತೇ ಆಗದ ಮೂಳೆ ಮುರಿತ ಅವರ ಪಾಲಿಗಿತ್ತು.

1.7 ಒಂದನ್ನೇ ಹಿಡಿಯೋ ಔಷಧಿಗೆ ಕಂಪನಿಗಳು ಬೆನ್ನು ಬಿದ್ದವು. ಆದರೆ ಒಂಬತ್ತೂ ಅಣ್ಣತಮ್ಮಂದಿರ ಹಾಗೆ ಒಂದೇ ಹೋಲಿಕೆ. ತಪ್ಪಿ 1.5 ಮುಚ್ಚಿದರೆ ಹೃದಯಕ್ಕೇ ಕುತ್ತು. ಹಾಗಾಗಿ ಈ ಜೇಡ-ವಿಷಗಳಿಂದ ನೋವಿನ ಮಾತ್ರೆ ಇನ್ನೂ ಬಂದಿಲ್ಲ. ಆದರೂ ಒಂದೇ ಗೇಟಿಗೆ ಗುರಿ ಇಡಬಹುದು. ಜನವರಿ 2025ರಲ್ಲಿ ಅಮೆರಿಕ ಒಪ್ಪಿದ ಸುಜೆಟ್ರಿಜಿನ್ 1.8ನ್ನ ಹಿಡಿಯುತ್ತೆ. ಅದು ಜೇಡದಿಂದ ಬಂದದ್ದಲ್ಲ, ಅಫೀಮಿನ ಜಾತಿಯದ್ದೂ ಅಲ್ಲ. ಒಪ್ಪಿಗೆ ಸಿಕ್ಕಿದ್ದು ಆಪರೇಷನ್ ನಂತರದಂಥ ತಾತ್ಕಾಲಿಕ ನೋವಿಗೆ.

ಊರಿಂದ ಅಪ್ಪ, ಅಮ್ಮ ಫೋನಲ್ಲಿ “ಶುಗರ್ ಬಂದ್ಮೇಲೆ ಪಾದ ಉರೀತದೆ” ಅಂತಾರಲ್ಲ, ಅದು ಹಾನಿಯಾದ ನರಗಳು ಕಳಿಸೋ ಸುಳ್ಳು ಸುದ್ದಿ. ಇಂಥ ನೋವಿಗೆ ಒಳ್ಳೆ ಔಷಧಿ ಬೇಕು ಅಂತಲೇ ಇಷ್ಟೆಲ್ಲ ಹುಡುಕಾಟ. ಅಲ್ಲೀವರೆಗೆ “ವಯಸ್ಸಾಯ್ತು” ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ಗುತ್ತಿಯ ಜೇಡ. 2001ರಲ್ಲಿ ನಂದ್ಯಾಲ, ಗಿದ್ದಲೂರು ನಡುವಿನ ಕಾಡಲ್ಲಿ ಮತ್ತೆ ಕಂಡಿತು. ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ಹೋದರೆ ಅದರ ವಿಷದಲ್ಲಿ ಏನಿತ್ತು ಅಂತ ಹುಡುಕೋ ಅವಕಾಶವೂ ಹೋಗುತ್ತೆ. ಮತ್ತೆ ಸಿಗೋಣ.